ಹೇಸ ಎಂದು ಕೂಗಿದರೆ

ತರೀಕೆರೆ
4ನೇ ಫೆಬ್ರವರಿ 1912

ಅಕ್ಕನ ಪಾದಗಳಿಗೆ ಚಂದ್ರಶೇಖರನ ನಮಸ್ಕಾರಗಳು.

ಬೇರೆ ಯಾರಿಗೂ ಬರೆಯುವ ಮುಂಚೆ ನಿನಗೆ ಬರೆಯುತ್ತಿದ್ದೇನೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ವಿಮಲಳಿಗೆ ಗಂಡು ಮಗುವಾಯಿತು. ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಇಷ್ಟು ಬರೆಯುವುದಕ್ಕೇ ಕೈ ಹಿಂಜರಿಯುತ್ತದೆ ಅಕ್ಕ. ಹಿಂದಿನ ಎರಡು ಸಲವೂ ಹೀಗೆಯೇ ಬರೆದು ಹಾಕಿದ್ದೆ, ಎರಡು ಸಲವೂ ವರ್ಷ ತುಂಬುವ ಮುಂಚೆ ತೊಟ್ಟಿಲು ಅಟ್ಟಕ್ಕೆ ಹೋಯಿತು. ವಿಮಲ ಈಗ ಮಗುವನ್ನು ಯಾರ ಕೈಗೂ ಕೊಡುವುದಿಲ್ಲ, ನಾನು ಎತ್ತಿಕೊಂಡರೂ ಪಕ್ಕದಲ್ಲೇ ನಿಂತಿರುತ್ತಾಳೆ.

ಶಿವರಾತ್ರಿ ಕಳೆದ ಮೇಲೆ, ಅಮಾವಾಸ್ಯೆ ದಾಟಿ ಬರುವ ಗುರುವಾರ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಗಿದೆ. ಮಾವನವರ ಮನೆಯಲ್ಲೇ. ಸೋದರತ್ತೆ ನೀನು ಬಂದು ಕೂಸಿನ ಕಿವಿಯಲ್ಲಿ ಹೆಸರು ಕೂಗಬೇಕು. ಮಲ್ಲಿಕಾರ್ಜುನ ಎಂದು ಹೆಸರು ಆರಿಸಿದ್ದಾರೆ. ಭಾವನವರಿಗೆ ಬಿಡುವಿದ್ದರೆ ಅವರೂ ಬರಲಿ.

ಒಂದೆರಡು ಮಾತು ಬರೆಯಬೇಕು, ತಪ್ಪು ತಿಳಿಯಬೇಡ. ಮಾವನವರು ಎಂಥವರೆಂದು ನೀನು ಮದುವೆಯಲ್ಲಿ ನೋಡಿದ್ದೀಯ. ಮೂವತ್ತು ವರ್ಷ ಕನ್ನಡ ಪಂಡಿತರಾಗಿದ್ದವರು. ಈಗ ವಿಶ್ರಾಂತಿ ವೇತನ ತೆಗೆದುಕೊಂಡು ಕಡೂರು ತರೀಕೆರೆ ಸೀಮೆಯ ಹಳ್ಳಿ ಮಾತುಗಳನ್ನೆಲ್ಲ ಸೇರಿಸಿ, ಒಂದೊಂದಕ್ಕೂ ಅರ್ಥ, ಬಳಕೆ ಬರೆದಿಡುತ್ತಿದ್ದಾರೆ. ನೀನು ಬಾಯಿಬಿಟ್ಟರೆ ಸಾಕು, ಹಿಡಿದು ಕೂರಿಸಿಕೊಂಡು ಕೇಳುತ್ತಾರೆ. ಆದ್ದರಿಂದ ಸ್ವಲ್ಪ ನೋಡಿ ಮಾತಾಡು. ಬರುವಾಗ ಕರಿ ಕಂಬಳಿ ಹೊದ್ದು ಬರಬೇಡ, ರೈಲಿನಲ್ಲಿ ಚಳಿಯೇನೂ ಇರುವುದಿಲ್ಲ. ಮತ್ತೆ ನನ್ನ ಆ ಹಳೆಯ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆಯಲ್ಲಿ ನೀನು ನಾಲಿಗೆ ಕಚ್ಚಿಕೊಂಡು "ತಮ್ಮಾ, ತಮ್ಮಾ" ಎಂದೇ ಕರೆದು ಮಾನ ಉಳಿಸಿದ್ದೆ. ಈ ಸಲವೂ ಅಷ್ಟು ಉಪಕಾರ ಮಾಡು.

ನಿನ್ನ ದಾರಿ ನೋಡುತ್ತಿರುವ
ಚಂದ್ರಶೇಖರ


ಯಗಟಿ
ಶಿವರಾತ್ರಿಗೆ ಐದು ದಿನ ಇದೆ

ತಮ್ಮ ಹೇಸನಿಗೆ ಅಕ್ಕ ಹಾಲಮ್ಮ ಮಾಡುವ ಆಶೀರ್ವಾದ.

ಕಾಗದದಲ್ಲಿ ಕರೆದರೆ ಯಾರಿಗೆ ಕೇಳಿಸುತ್ತದೆ, ಇಲ್ಲಾದರೂ ಬಾಯಿತುಂಬ ಕರೆದುಬಿಡುತ್ತೇನೆ. ಹೇಸ, ಹೇಸ, ಹೇಸ. ಅಲ್ಲಿಗೆ ಬಂದಾಗ ತಮ್ಮ ಅನ್ನುತ್ತೇನೆ, ಹೆದರಬೇಡ. ಕಂಬಳಿಯನ್ನೂ ಗೂಟಕ್ಕೇ ತಗುಲಿಹಾಕಿ ಬರುತ್ತೇನೆ. ನಿಮ್ಮ ಮಾವನವರಿಗೆ ಹಳ್ಳಿ ಮಾತು ಬೇಕಿದ್ದರೆ ನಿನ್ನ ಭಾವ ತೋಟದಲ್ಲಿ ಎತ್ತು ಹೊಡೆಯುವಾಗ ಬಂದು ಬದುವಿನ ಮೇಲೆ ಕೂರಲಿ, ಬರೆದು ಬರೆದು ಕೈ ಸೋತುಹೋಗುತ್ತದೆ.

ನಿನ್ನ ಕಾಗದ ಓದಿ ನಾನು ಅಡುಗೆಮನೆಯಲ್ಲಿ ಅತ್ತೆ. ಸಂತೋಷಕ್ಕೂ ಹೌದು, ಹೆದರಿಕೆಗೂ ಹೌದು. ನಿನ್ನ ಭಾವ ಬಂದು "ಯಾಕೇ, ಏನಾಯ್ತೇ" ಅಂದರು. ಗಂಡು ಮಗು ಅಂದೆ. "ಅದಕ್ಯಾಕೆ ಅಳ್ತೀಯ ಹುಚ್ಚಿ" ಅಂತ ಬೈದು ತಾವೂ ಕಣ್ಣು ಒರೆಸಿಕೊಂಡರು.

ಈಗ ಒಂದು ವಿಷಯ ನೀನು ಸರಿಯಾಗಿ ಕೇಳಬೇಕು. ನಿನ್ನ ಮುಂಚೆ ಅವ್ವನಿಗೆ ಮೂರು ಗಂಡು ಹುಟ್ಟಿ ಹೋಗಿದ್ದವು. ಮೂರಕ್ಕೂ ದೇವರ ಹೆಸರು ಇಟ್ಟಿದ್ದರು. ನೀನು ಹುಟ್ಟಿದಾಗ ಅವ್ವ ನಿನ್ನ ಮುಖ ನೋಡಲಿಲ್ಲ, ನೋಡಿದರೆ ಆಸೆಯಾಗುತ್ತದೆ ಅಂದಳು. ನನಗೆ ಆಗ ಹನ್ನೊಂದು ವರ್ಷ. ಅಜ್ಜಿ ಹೇಳಿಕೊಟ್ಟ ಹಾಗೆ ನಾನೇ ನಿನ್ನನ್ನು ಮೊರದಲ್ಲಿ ಮಲಗಿಸಿಕೊಂಡು ಹೋಗಿ ತಿಪ್ಪೆಯ ಮೇಲೆ ಇಟ್ಟೆ. ಇದು ಹೇಸಿಗೆ, ಇದು ಅಸಹ್ಯ, ನಮ್ಮ ಮನೆಗೆ ಬೇಡ ಅಂತ ಮೂರು ಸಲ ಜೋರಾಗಿ ಕೂಗಿದೆ. ಕುರಿಹಟ್ಟಿಯ ದ್ಯಾಮಮ್ಮ ದಾರಿಹೋಕಳ ಹಾಗೆ ಬಂದು, "ಯಾರ್ದೇ ಈ ಹೇಸಿ ಕೂಸು, ಬೇಡ್ದಿದ್ರೆ ನಂಗೆ ಕೊಡಿ" ಅಂತ ಒಂದು ಮೊರ ತವುಡು ಕೊಟ್ಟು ನಿನ್ನನ್ನು ಕೊಂಡಳು. ಅವತ್ತಿನಿಂದ ನೀನು ಅವ್ವನ ಮಗನಲ್ಲ, ದ್ಯಾಮಮ್ಮನ ಮಗ, ಸಾಕುವುದು ಮಾತ್ರ ನಾವು. ಮೂರನ್ನು ಕೊಂಡುಹೋದ ಆ ಕೆಟ್ಟ ಕಣ್ಣು ನಾಲ್ಕನೆಯದನ್ನು ಹುಡುಕಿಕೊಂಡು ಬಂದಾಗ ನಮ್ಮ ಮನೆಯಲ್ಲಿ ಅದಕ್ಕೆ ಬೇಕಾದದ್ದು ಏನೂ ಕಾಣಿಸಲಿಲ್ಲ. ಹೇಸ ಎನ್ನುವ ಒಂದು ಕಸ ಬಿದ್ದಿತ್ತು, ಅಷ್ಟೇ. ದ್ಯಾಮಮ್ಮ ಈಗಲೂ ಸಂತೆಯಲ್ಲಿ ಸಿಕ್ಕರೆ "ನನ್ನ ಮಗ ಹೇಗವ್ನೆ" ಅಂತ ಕೇಳುತ್ತಾಳೆ.

ನಿನ್ನ ಕೂಸಿಗೂ ಅದನ್ನು ಮಾಡೋಣ. ಮೊದಲಿನ ಎರಡಕ್ಕೆ ಮಾಡಬೇಕು ಅಂತ ನನಗೆ ಹೊಳೆಯಲಿಲ್ಲ, ಅದು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತದೆ. ಈ ಸಲ ಕೊಳ್ಳುವವಳು ನಾನೇ. ತವುಡು ನಮ್ಮ ಮನೆಯದೇ ತರುತ್ತೇನೆ. ಆದರೆ ಅದು ನಿಮ್ಮ ಮಾವನವರ ಮನೆ, ಓದಿದವರ ಮನೆ. ನೀನು ಅವರಿಗೆ ಮುಂಚಿತವಾಗಿ ಎಲ್ಲ ಹೇಳಿ, ಅವರು ಆಗಬಹುದು ಅಂದರೆ ಮಾಡುತ್ತೇನೆ. ಬೇಡ ಅಂದರೆ ಹೆಸರು ಕೂಗಿ, ಮಗುವನ್ನು ತೂಗಿ, ಊಟ ಮಾಡಿ ಬರುತ್ತೇನೆ. ನನಗೇನೂ ಬೇಸರವಿಲ್ಲ. ಹೌದೋ ಅಲ್ಲವೋ ಒಂದು ಸಾಲು ಬರೆ.

ಹಾಲಮ್ಮ


ತರೀಕೆರೆ
14ನೇ ಫೆಬ್ರವರಿ 1912

ಅಕ್ಕನಿಗೆ ನಮಸ್ಕಾರಗಳು.

ಶಾಲೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರ ತನಿಖೆ ನಡೆಯುತ್ತಿದೆ, ಹೆಚ್ಚು ಬರೆಯಲು ಆಗುತ್ತಿಲ್ಲ. ನೀನು ಬರೆದದ್ದು ಸರಿಯೇ. ನಿನಗೆ ತೋಚಿದ ಹಾಗೆ ಮಾಡು. ಮನೆಯಲ್ಲಿ ನಾನು ಎಲ್ಲ ಹೇಳಿಟ್ಟಿರುತ್ತೇನೆ, ಯೋಚನೆ ಬೇಡ. ಕಡೂರಿನಲ್ಲಿ ಬೆಳಗಿನ ಗಾಡಿ ಹತ್ತಿದರೆ ಬೀರೂರಿನಲ್ಲಿ ಬದಲಾಯಿಸಿಕೊಂಡು ಊಟದ ಹೊತ್ತಿಗೆ ಬರಬಹುದು. ನಾನು ಸ್ಟೇಷನ್ನಿಗೆ ಬರುತ್ತೇನೆ.

ಚಂದ್ರಶೇಖರ


ತರೀಕೆರೆ
28ನೇ ಫೆಬ್ರವರಿ 1912

ಅಕ್ಕನ ಪಾದಗಳಿಗೆ ನಮಸ್ಕಾರಗಳು.

ನೀನು ಸುಖವಾಗಿ ಊರು ಸೇರಿದ್ದೀಯ ಎಂದು ನಂಬಿದ್ದೇನೆ. ಗುರುವಾರ ಊಟ ಮಾಡದೆ ಹೊರಟುಬಿಟ್ಟೆ. ನಾನು ಅಂಗಳಕ್ಕೆ ಬರುವಷ್ಟರಲ್ಲಿ ನೀನು ಬೀದಿಯ ತಿರುವು ದಾಟಿದ್ದೆ. ಮನೆ ತುಂಬ ನೆಂಟರು, ಬಿಟ್ಟು ಬರುವ ಹಾಗಿರಲಿಲ್ಲ.

ಅತ್ತೆ ಮೀನಾಕ್ಷಮ್ಮನವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡವರು, ಗಾಬರಿಯಲ್ಲಿ ಏನೋ ಅಂದರು. ವಿಮಲ ಎಳೆ ಬಾಣಂತಿ. ಹೆಸರನ್ನು ಕೊನೆಗೆ ಅವಳ ತಂಗಿ ಸುಲೋಚನ ಕೂಗಿದಳು, ಎಲ್ಲ ಸಾಂಗವಾಗಿ ಮುಗಿಯಿತು. ಮಗು ಚೆನ್ನಾಗಿದೆ. ನೀನು ಅವಸರದಲ್ಲಿ ಮರೆತುಹೋದ ತವುಡಿನ ಗಂಟು ತೊಟ್ಟಿಲ ಕೆಳಗೆ ಸಿಕ್ಕಿತು. ಕೆಡುತ್ತದೆಂದು ಅತ್ತೆಯವರು ಹಸುವಿನ ಮುಸುರೆಗೆ ಬೆರೆಸಿಬಿಟ್ಟರು.

ಒಂದು ಸಣ್ಣ ಕೋರಿಕೆ. ಮಾವನವರು ಬಾಯಲ್ಲಿ ಏನೂ ಅನ್ನುವುದಿಲ್ಲ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ನೀನು ಅವರ ಹೆಸರಿಗೆ ಎರಡು ಸಾಲು, ತಿಳಿಯದೆ ನಡೆದುಹೋಯಿತು, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಬರೆದುಬಿಟ್ಟರೆ ಎಲ್ಲ ತಿಳಿಯಾಗುತ್ತದೆ. ನನಗಾಗಿ ಇಷ್ಟು ಮಾಡು.

ಚಂದ್ರಶೇಖರ


ಯಗಟಿ
ಯುಗಾದಿಯ ಮಾರನೆಯ ದಿನ

ಮಹಾರಾಜಶ್ರೀ ಉಪಾಧ್ಯಾಯ ಚಂದ್ರಶೇಖರಪ್ಪನವರಿಗೆ ಯಗಟಿ ಹಾಲಮ್ಮ ಮಾಡುವ ವಿಜ್ಞಾಪನೆ.

ನೀವು ಹೇಳಿದಂತೆ ಪಂಡಿತ ತೀರ್ಥಪ್ಪನವರಿಗೆ ಕ್ಷಮಾಪಣೆ ಬರೆದು ಇದರ ಜೊತೆಯಲ್ಲಿ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ ಕೊಡಿ. ನನ್ನ ಅಕ್ಷರ ಎಲ್ಲಿಯದು ಎಂದು ನಿಮಗೆ ಗೊತ್ತೇ ಇದೆ. ನೀವು ಅಳುತ್ತೀರಿ ಅಂತ ಕಂಕುಳಲ್ಲಿ ಎತ್ತಿಕೊಂಡು ಅಯ್ಯನೋರ ಮಠಕ್ಕೆ ಬರುತ್ತಿದ್ದೆ. ನೀವು ಮರಳಿನ ಮೇಲೆ ತಿದ್ದುವಾಗ ಹಿಂದೆ ಕೂತು ನೋಡಿ ಕಲಿತದ್ದು.

ಬರೆಯಲು ಇಷ್ಟು ದಿನ ಹಿಡಿಯಿತು. ಯಾಕೆಂದರೆ ಏನು ತಪ್ಪು ಎಂದು ಬರೆಯಬೇಕೋ ತಿಳಿಯಲಿಲ್ಲ. ಅದಕ್ಕೆ ಅವತ್ತು ನಡೆದದ್ದನ್ನೆಲ್ಲ ಒಂದು ಸಲ ನೆನಪು ಮಾಡಿಕೊಂಡೆ. ಮೀನಾಕ್ಷಮ್ಮನವರನ್ನು ಒಂದು ಮೊರ ಕೊಡಿ ಅಂತ ಕೇಳಿದೆ, ಅವರು ನಗುನಗುತ್ತಾ ಕೊಟ್ಟರು. ನೀವು ಹೇಳಿಟ್ಟಿದ್ದೀರಿ, ಅದಕ್ಕೇ ಕೊಟ್ಟರು ಅಂದುಕೊಂಡೆ. ವಿಮಲ ನೀರು ಹಾಕಿಸಿಕೊಳ್ಳುತ್ತಿದ್ದಳು. ಕೂಸನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ, ತಿಪ್ಪೆಯ ಅಂಚಿನಲ್ಲಿ ನನ್ನ ಹಳೆಯ ಸೀರೆ ಹಾಸಿ, ಮೊರದಲ್ಲಿ ಮಲಗಿಸಿದೆ. ಬಿಸಿಲು ಬೀಳದ ಹಾಗೆ ಸೆರಗು ಅಡ್ಡ ಹಿಡಿದಿದ್ದೆ. ತವುಡು ಪಡಸಾಲೆಯಲ್ಲೇ ಉಳಿದಿತ್ತು. ನೀವು ಹಿತ್ತಲ ಬಾಗಿಲಲ್ಲಿ ನಿಂತಿದ್ದು ಕಾಣಿಸಿತು. ಬಾಯಿ ತಪ್ಪಿತು. ಆ ಗಂಟು ತರಿಸೋಣ ಅಂತ "ಲೇ ಹೇಸಾ" ಎಂದು ಕೂಗಿಬಿಟ್ಟೆ. ನಿಮಗೆ ಕೊಟ್ಟ ಮಾತು ಮೀರಿದೆ, ಅದು ನನ್ನದೇ ತಪ್ಪು.

ನೀವು ಓ ಅನ್ನಲಿಲ್ಲ.

ಪಂಡಿತರು ನಿಮ್ಮ ಹಿಂದೆ ಬಂದು "ಯಾರನ್ನಪ್ಪಾ ಕರೆಯುತ್ತಿದ್ದಾರೆ" ಅಂದರು. "ಮಗುವನ್ನೇ ಇರಬೇಕು" ಅಂದಿರಿ. ಅಷ್ಟರಲ್ಲಿ ಮೀನಾಕ್ಷಮ್ಮನವರು ನೋಡಿ, "ಅಯ್ಯಯ್ಯೋ, ಕೂಸನ್ನ ತಿಪ್ಪೆಗೆ ಹಾಕವ್ಳೆ, ಹೇಸಿ ಅಂತ ಬೈತಾವ್ಳೆ, ಮಕ್ಕಳಿಲ್ದೋಳ ಹೊಟ್ಟೆಕಿಚ್ಚು ನೋಡ್ರೇ" ಅಂತ ಕೂಗಿಕೊಂಡರು. ವಿಮಲ ಒದ್ದೆ ತಲೆಯಲ್ಲೇ ಓಡಿಬಂದು ಮಗುವನ್ನು ಕಿತ್ತುಕೊಂಡಳು. ನೀವು ಹೇಳುತ್ತೀರಿ ಅಂತ ನಿಮ್ಮ ಕಡೆ ನೋಡಿದೆ. ಪಂಡಿತರು ದೊಡ್ಡವರು. ಕೂಗಾಡಲಿಲ್ಲ. ಎಲ್ಲರನ್ನೂ ಸುಮ್ಮನಿರಿಸಿ ನಿಮ್ಮನ್ನೇ ಕೇಳಿದರು. "ಈ ಹೇಸ ಎಂಬ ಮಾತಿಗೆ ನಮಗೆ ತಿಳಿದ ಅರ್ಥ ಅಸಹ್ಯ ಅಂತ. ನಿಮ್ಮ ಕಡೆ ಬೇರೆ ಯಾವ ಬಳಕೆಯಾದರೂ ಇದೆಯೇನಪ್ಪಾ?" ಅಂದರು. ನಿಮಗೆ ದಾರಿ ಮಾಡಿಕೊಟ್ಟೇ ಕೇಳಿದರು.

"ಇಲ್ಲ, ಅದೇ ಅರ್ಥ" ಅಂದಿರಿ.

ನೀವು ಓದಿದವರು, ನೀವು ಹೇಳಿದ್ದೇ ಸರಿ ಇರಬೇಕು. ಹಾಗೆಂದೇ ಕ್ಷಮಾಪಣೆಯಲ್ಲಿ ಬರೆದಿದ್ದೇನೆ.

ನಿಮ್ಮ ಭಾವನವರಿಗೆ ಏನೂ ತಿಳಿಸಿಲ್ಲ. ಬರುವ ದಾರಿಯಲ್ಲಿ ಕಡೂರಿನಲ್ಲಿ ಇಳಿದು ಒಂದು ಸೀರೆ ಕೊಂಡು, ನಿಮ್ಮ ಮನೆಯಲ್ಲಿ ಉಡುಗೊರೆ ಕೊಟ್ಟರು ಎಂದು ತೋರಿಸಿದೆ. ಹಬ್ಬಕ್ಕೆ ಅದನ್ನೇ ಉಟ್ಟಿದ್ದೆ. ಚೆನ್ನಾಗಿದೆ ಅಂದರು.

ಹಾಲಮ್ಮ


ತರೀಕೆರೆ
27ನೇ ಮಾರ್ಚ್ 1912

ಅಕ್ಕ,

ನನ್ನನ್ನು ನೀವು ಎಂದು ಬರೆಯಬೇಡ. ಬೇಕಾದರೆ ಬಯ್ಯಿ, ಎರಡು ಏಟು ಹಾಕು. ನೀವು, ನಿಮಗೆ ಎಂದು ಓದುವಾಗ ಬೇರೆ ಯಾರದೋ ಕಾಗದ ಒಡೆದಂತೆ ಆಯಿತು.

ನಾನು ಮನೆಯಲ್ಲಿ ಏನೂ ಹೇಳಿಟ್ಟಿರಲಿಲ್ಲ. ನಿನಗೆ ಬರೆದದ್ದು ಸುಳ್ಳು. ಹೇಳಬೇಕು ಎಂದು ದಿನಾ ಅಂದುಕೊಂಡೆ. ತವುಡು, ತಿಪ್ಪೆ ಎಂದು ಶುರುಮಾಡಿದರೆ ನಿನಗೆ ಹೇಗೆ ಗೊತ್ತು, ಯಾರಿಗೆ ಮಾಡಿದ್ದರು ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ಹೆಸರು ಹೊರಬೀಳುತ್ತಿತ್ತು. ಚಿಕ್ಕಮಗಳೂರಿನ ಶಾಲೆಯಲ್ಲಿ ಹೆಸರು ಬರೆಸುವ ದಿನ ಮೇಷ್ಟ್ರು ಹೇಸಪ್ಪ ಎಂದು ಕೂಗಿದರು, ಇಡೀ ತರಗತಿ ಮೂಗು ಮುಚ್ಚಿಕೊಂಡು ನಕ್ಕಿತು. ಅವತ್ತೇ ನಾನು ಚಂದ್ರಶೇಖರನಾದೆ. ಆ ನಗು ಇನ್ನೂ ನನ್ನ ಬೆನ್ನ ಹಿಂದೆ ಇದೆ ಎಂದು ತಿಳಿದು ಬದುಕಿದ್ದೇನೆ. ನೀನು ಹಿತ್ತಲಿಂದ ಕೂಗಿದಾಗ ಓ ಎನ್ನುವುದು ಗಂಟಲ ತನಕ ಬಂದಿತ್ತು. ಅದನ್ನು ನುಂಗಿಕೊಂಡೆ. ಮಾವನವರು ಕೇಳಿದಾಗಲಂತೂ ಆ ನಗುವೇ ಕಿವಿಯಲ್ಲಿತ್ತು.

ನಿನ್ನ ಕ್ಷಮಾಪಣೆಯನ್ನು ಮಾವನವರು ಪಡಸಾಲೆಯಲ್ಲಿ ಎಲ್ಲರೆದುರು ಓದಿದರು. "ಹೆಣ್ಣುಮಗಳು ಎಷ್ಟು ಚೆನ್ನಾಗಿ ಬರೆದಿದ್ದಾಳೆ" ಎಂದರು. ಅತ್ತೆಯವರು "ಈಗ್ಲಾದ್ರೂ ಬುದ್ಧಿ ಬಂತಲ್ಲ" ಎಂದರು. ನಾನು ಅಲ್ಲೇ ಕೂತಿದ್ದೆ ಅಕ್ಕ. ಕೂತೇ ಇದ್ದೆ.

ಸಮಯ ನೋಡಿ ಹೇಳುತ್ತೇನೆ. ಖಂಡಿತ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಸುಮ್ಮನಾಗಬೇಡ.

ಚಂದ್ರಶೇಖರ


ತರೀಕೆರೆ
9ನೇ ಜೂನ್ 1912

ಅಕ್ಕ,

ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಯಗಟಿಯಿಂದ ಕೊಬ್ಬರಿ ವ್ಯಾಪಾರಕ್ಕೆ ಬಂದವರನ್ನು ವಿಚಾರಿಸಿದೆ, ನೀನೂ ಭಾವನವರೂ ಕ್ಷೇಮ ಎಂದರು. ಹಾಗಾದರೆ ನಾನು ಬೇಡವಾಗಿದ್ದೇನೆ ಎಂದಾಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನೀನು ಕಳಿಸುತ್ತಿದ್ದ ಹುರಿಹಿಟ್ಟು ಈ ವರ್ಷ ಬರಲಿಲ್ಲ. ವಿಮಲ ಕೇಳಿದಳು, ರಾಗಿ ಚೆನ್ನಾಗಿ ಆಗಿಲ್ಲವಂತೆ ಎಂದೆ. ಅದೂ ಒಂದು ಸುಳ್ಳು.

ಮಗುವಿನ ಮೇಲಿನ ಸಿಟ್ಟಾಗಿದ್ದರೆ ಬಿಟ್ಟುಬಿಡು, ಅದು ಏನು ಮಾಡಿತು. ಈಗ ಬೋರಲು ಬೀಳುತ್ತದೆ. ಇದರ ಜೊತೆಗೆ ಒಂದು ಸೀರೆ ಕಳಿಸಿದ್ದೇನೆ. ಕಡೂರಿನಲ್ಲಿ ನೀನು ಕೊಂಡದ್ದು ಯಾವ ಬಣ್ಣವೋ ತಿಳಿಯದು.

ಇನ್ನೂ ಹೇಳಿಲ್ಲ. ಹೇಳಿದ್ದೇನೆ ಎಂದು ಬರೆಯಬಹುದಿತ್ತು, ನಿನಗೆ ಇನ್ನೊಂದು ಸುಳ್ಳು ಬರೆಯಲು ಕೈ ಬರಲಿಲ್ಲ.

ಚಂದ್ರಶೇಖರ


ತರೀಕೆರೆ
22ನೇ ಸೆಪ್ಟೆಂಬರ್ 1912

ಅಕ್ಕ,

ನೀನು ಆ ಸೀರೆಯನ್ನು ಬಿಚ್ಚದೆ ವಾಪಸು ಕಳಿಸಿದ ಮೇಲೆ ಬರೆಯುವ ಧೈರ್ಯವಿರಲಿಲ್ಲ. ಇವತ್ತು ಬರೆಯಲೇಬೇಕು. ಹೇಳಿದೆ. ಹೇಗೆ ಹೇಳಿದೆ ಎಂಬುದನ್ನೂ ಇದ್ದ ಹಾಗೆ ಬರೆಯುತ್ತೇನೆ, ನಾನಾಗಿ ಧೈರ್ಯ ಮಾಡಿದೆ ಎಂದು ನೀನು ತಿಳಿಯಬಾರದು.

ಗಣೇಶನ ಹಬ್ಬದ ದಿನ ಅಮಲ್ದಾರರ ಮನೆಯವರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಮಗು ಅಂಬೆಗಾಲಿಟ್ಟುಕೊಂಡು ಅವರ ಕಾಲ ಬಳಿ ಹೋಯಿತು. "ಎಷ್ಟು ಮುದ್ದಾಗಿದೆ, ದೃಷ್ಟಿ ಆಗೋ ಹಾಗಿದೆ" ಎಂದು ಆಕೆ ಗಲ್ಲ ಹಿಡಿದರು. ವಿಮಲಳ ಮುಖ ಬಿಳಿಚಿಕೊಂಡಿತು. ಅವರು ಹೊರಟದ್ದೇ ತಡ, ಮಗುವನ್ನು ಒಳಗೆ ಎತ್ತಿಕೊಂಡು ಹೋಗಿ ಒಲೆಯ ಮಸಿಯನ್ನು ಕೆನ್ನೆಗೆಲ್ಲ ಬಳಿದು, "ಏನ್ ಚೆಂದವೇ ಇದು, ಕರಿಮೂತಿ ಕೋತಿ, ಗಲೀಜು ಮುಂಡೇದು, ಯಾರಿಗ್ ಬೇಕು ಇದು, ಥೂ ಥೂ" ಎನ್ನುತ್ತಿದ್ದಳು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಕ್ಕ. ತನಗೆ ತಾನೇ ಬಂದ ಮಾತು.

ನಾನು ಬಾಗಿಲಲ್ಲಿದ್ದೆ. "ಅಕ್ಕನೂ ಅವತ್ತು ಇದನ್ನೇ ಮಾಡಿದ್ದು" ಎಂದೆ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಅವ್ವನ ಮೂರು ಮಕ್ಕಳು, ಮೊರ, ದ್ಯಾಮಮ್ಮನ ತವುಡು, ನನ್ನ ಹೆಸರು, ನಿನ್ನ ಕಾಗದ, ನಾನು ಬರೆದ ಸುಳ್ಳು, ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದು ಕಾದೆ. ಏಳು ತಿಂಗಳು ನಾನು ಹೆದರಿದ್ದು ಅದಕ್ಕೇ. ಅವಳು ನಗಲಿಲ್ಲ.

"ನಂಗೆ ಯಾಕ್ರೀ ಹೇಳ್ಲಿಲ್ಲ?" ಎಂದಳು. "ಎರಡು ಮಣ್ಣಿಗೆ ಹಾಕಿ ಬಂದೋಳು ನಾನು. ಹೇಸ ಅಂದ್ರೆ ಉಳೀತದೆ ಅಂದಿದ್ರೆ ದಿನಕ್ಕೆ ನೂರು ಸಲ ಅಂತಿದ್ದೆ. ನಾನೇ ಎತ್ಕೊಂಡ್ಹೋಗಿ ತಿಪ್ಪೆ ಮೇಲೆ ಮಲಗಿಸ್ತಿದ್ದೆ. ಆಯಮ್ಮ ನನ್ನ ಕೂಸು ಉಳಿಸೋಕೆ ಬಂದಿದ್ರು, ನಾನು ಅವರ ಕೈಯಿಂದ ಕಿತ್ಕೊಂಡೆ. ನೀವು ನಿಂತು ನೋಡಿದ್ರಿ." ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾವನವರಿಗೆ ಮಾರನೆಯ ದಿನ ಊಟಕ್ಕೆ ಕೂತಾಗ ಹೇಳಿದೆ. "ಅವತ್ತು ತಾವು ಕೇಳಿದ ಮಾತಿಗೆ ಇನ್ನೊಂದು ಬಳಕೆ ಇದೆ. ನನ್ನ ಹೆಸರೇ ಅದು" ಎಂದೆ. ಬಾಯಿಗೆ ಎತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಪೂರ್ತಿ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು. "ಹಾಗಾದರೆ ಆ ತಾಯಿ ನನಗೆ ಕ್ಷಮಾಪಣೆ ಯಾಕೆ ಬರೆದಳು?" ನಾನೇ ಬರೆಸಿದೆ ಎಂದೆ. ಎದ್ದು ಕೈ ತೊಳೆದುಬಿಟ್ಟರು. ಸಂಜೆ ನಿನ್ನ ಕ್ಷಮಾಪಣೆಯನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟು, "ಇದು ನನಗೆ ಸೇರಬೇಕಾದ್ದಲ್ಲ, ನನ್ನ ಹತ್ತಿರ ಇರಕೂಡದು" ಎಂದರು. ಅತ್ತೆಯವರು ಅವತ್ತಿನಿಂದ ದೇವರ ಮನೆಯಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ಮಕ್ಕಳಿಲ್ಲದವಳು ಎಂದು ಆಡಿದ ಮಾತು ತಮ್ಮ ಬಾಯಿಂದ ಬಂತಲ್ಲ ಎಂದು ಒಮ್ಮೆ ಅತ್ತರು.

ನಿನ್ನ ಆ ಕಾಗದ ಈಗ ನನ್ನ ಮುಂದೆ ಇದೆ. "ತಿಳಿವಳಿಕೆಯಿಲ್ಲದ ನಾನು ಅಸಹ್ಯವಾದ ಮಾತನ್ನಾಡಿ" ಎಂದು ನೀನು ದುಂಡಗೆ ಬರೆದಿದ್ದೀಯ. ಅಸಹ್ಯ ಎಂದರೆ ಸಹಿಸಲಾಗದ್ದು. ಶಾಲೆಯಲ್ಲಿ ಹುಡುಗರಿಗೆ ಅರ್ಥ ಹೇಳಿ ಬರೆಸುವವನು ನಾನು. ಅದು ಏನೆಂದು ನನಗೆ ಈಗ ಗೊತ್ತಾಗಿದೆ. ತಿಪ್ಪೆಯಲ್ಲಿ ಅದು ಇರಲಿಲ್ಲ, ನಿನ್ನ ಬಾಯಲ್ಲೂ ಇರಲಿಲ್ಲ. ಕನ್ನಡಿ ನೋಡಲು ನನಗೆ ನಾಚಿಕೆಯಾಗುತ್ತದೆ.

ದಸರೆಯ ರಜೆಗೆ ವಿಮಲಳೂ ಮಗುವೂ ಯಗಟಿಗೆ ಬರುತ್ತಾರಂತೆ. ನಾನು ಬಂದರೂ ಸರಿ, ಬರದಿದ್ದರೂ ಸರಿ ಎನ್ನುತ್ತಾಳೆ. ನೀನು ಬಾ ಎಂದರೆ ಮಾತ್ರ ನಾನು ಬರುತ್ತೇನೆ. ಇಲ್ಲವಾದರೆ ಕಡೂರಿನವರೆಗೆ ಬಂದು ಅವರನ್ನು ಗಾಡಿ ಹತ್ತಿಸಿ ವಾಪಸಾಗುತ್ತೇನೆ. ತವುಡನ್ನು ಹಸುವಿಗೆ ಹಾಕಿಬಿಟ್ಟೆವು. ಅವತ್ತು ಆಗದೆ ನಿಂತದ್ದನ್ನು ಈಗ ಮಾಡಲು ಬರುತ್ತದೆಯೇ, ಹೊತ್ತು ಮೀರಿತೇ ಎಂದು ನಿನ್ನನ್ನು ಕೇಳಲು ವಿಮಲ ಹೇಳಿದ್ದಾಳೆ. ಅವಳಿಗೆ ಅದೊಂದೇ ಭಯ.

ಯಾವ ಹೆಸರು ಬರೆಯಲಿ ತಿಳಿಯದೆ
ನಿನ್ನ ತಮ್ಮ


ಯಗಟಿ
ಮಹಾಲಯ ಅಮಾವಾಸ್ಯೆಗೆ ಎಂಟು ದಿನ

ತಮ್ಮನಿಗೆ ಹಾಲಮ್ಮನ ಆಶೀರ್ವಾದ.

ಮೊದಲು ವಿಮಲಳಿಗೆ ಹೇಳು, ಹೆದರಬೇಡ ಅಂತ. ಹೊತ್ತೇನೂ ಮೀರಿಲ್ಲ, ನಿಂತದ್ದೂ ಏನಿಲ್ಲ.

ನೀನು ಆವತ್ತು ಬರೆದಿದ್ದೆ, ತವುಡಿನ ಗಂಟು ಮರೆತು ಹೋಗಿದ್ದೀಯ ಅಂತ. ನಾನು ಮರೆಯುವವಳಾ? ನೀನು ಅದೇ ಅರ್ಥ ಅಂದೆಯಲ್ಲ, ಆಮೇಲೆ ಎಲ್ಲರೂ ಹಿತ್ತಲಲ್ಲೇ ಗುಂಪಾಗಿದ್ದರು. ನಾನು ಒಬ್ಬಳೇ ಒಳಗೆ ಬಂದೆ. ಚೀಲ ಎತ್ತಿಕೊಂಡೆ. ತೊಟ್ಟಿಲು ಬರಿದಾಗಿತ್ತು. ಹಾಳಾಗಿ ಹೋಗಲಿ ಅಂತ ತವುಡನ್ನು ಬೀದಿಗೆ ಚೆಲ್ಲಿ ಹೋಗಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ನಿನ್ನ ಮೇಲೆ ಅಷ್ಟು ಸಿಟ್ಟು ಬಂದಿತ್ತು. ಆಮೇಲೆ, ಇವನ ಮೇಲಿನ ಸಿಟ್ಟಿಗೆ ಆ ಕೂಸು ಏನು ಮಾಡೀತು ಅಂದುಕೊಂಡು ಗಂಟನ್ನು ತೊಟ್ಟಿಲ ಕೆಳಗೆ ಇಟ್ಟೆ. ಇದು ಹೇಸ, ಇದು ಯಾರಿಗೂ ಬೇಡ, ನಾನು ಕೊಂಡಿದ್ದೇನೆ ಅಂತ ಮೂರು ಸಲ ಹೇಳಿದೆ. ಕೂಗಲಿಲ್ಲ, ಮೆಲ್ಲಗೆ ಹೇಳಿದೆ. ನಿಮ್ಮ ಅತ್ತೆ ಅದನ್ನು ಮುಸುರೆಗೆ ಬೆರೆಸಿದರು ಅಂತ ನೀನೇ ಬರೆದೆ. ಅವರ ಮನೆಯ ಹಸು ತಿಂದ ಮೇಲೆ ತವುಡು ಸಂದಿತು, ಕೂಸು ನನ್ನದಾಯಿತು. ಮರೆತು ಬಂದದ್ದಲ್ಲ, ಕೊಟ್ಟು ಬಂದದ್ದು.

ಇದನ್ನು ನಿನಗೆ ಬರೆಯಲಿಲ್ಲ. ಬರೆದಿದ್ದರೆ ನಿನ್ನ ಮನಸ್ಸು ಹಗುರವಾಗುತ್ತಿತ್ತು. ಹಗುರ ಮಾಡುವುದು ನನಗೆ ಬೇಕಿರಲಿಲ್ಲ. ಇಷ್ಟು ತಿಂಗಳು ಮಗುವಿನ ಸುದ್ದಿ ಕೇಳದೆ ಇರಲಿಲ್ಲ. ಕೊಬ್ಬರಿಯವರು ತರೀಕೆರೆಗೆ ಹೋದಾಗಲೆಲ್ಲ ನಿಮ್ಮ ಬೀದಿಯಲ್ಲಿ ಹಾದು ಬರುತ್ತಿದ್ದರು.

ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂತ ತಿಳಿಯಬೇಡ. ಅರ್ಧ ಹೋಗಿದೆ. ಹೆಸರು ಬದಲಾಯಿಸಿಕೊಂಡಾಗ ನನಗೇನೂ ಅನ್ನಿಸಿರಲಿಲ್ಲ, ಹುಡುಗರು ನಗುತ್ತಾರೆ ಅಂತ ನನಗೂ ಗೊತ್ತಿತ್ತು. ಆದರೆ ಅವತ್ತು ಒಂದು ತಿಪ್ಪೆ, ಒಂದು ಮೊರ, ಅದರ ಪಕ್ಕದಲ್ಲಿ ನಾನು. ಮೂವತ್ತು ವರ್ಷದ ಹಿಂದೆ ಹೀಗೇ ನಿಂತು ನಿನ್ನನ್ನು ಉಳಿಸಿಕೊಂಡಿದ್ದೆ. ಆ ಜಾಗದಿಂದ ಕೂಗಿದಾಗ ನೀನು ನನ್ನ ಮುಖ ನೋಡಿ ಬೇರೆ ಯಾರನ್ನೋ ಕರೆದಂತೆ ಸುಮ್ಮನಿದ್ದೆಯಲ್ಲ, ಅದನ್ನು ಎಲ್ಲಿಡಲಿ ಹೇಳು. ಊಟದ ಮುಂದೆ ಕೂತರೆ ಅದೇ ಬರುತ್ತದೆ.

ಕ್ಷಮಾಪಣೆ ಕಾಗದವನ್ನು ಒಲೆಗೆ ಹಾಕು. ದಸರೆಗೆ ಮೂವರೂ ಬನ್ನಿ. ನಿನ್ನ ಭಾವ ಕಡೂರು ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಬರುತ್ತಾರೆ. ಅವರಿಗೆ ಕಡೂರಿನಲ್ಲಿ ಕೊಂಡ ಸೀರೆಯ ವಿಷಯ ಗೊತ್ತಿಲ್ಲ, ನೀನು ಬಾಯಿ ಬಿಡಬೇಡ. ದ್ಯಾಮಮ್ಮನಿಗೂ ಹೇಳಿಕಳಿಸಿದ್ದೇನೆ. ಕಣ್ಣು ಮಂಜಾಗಿದೆ ಅವಳಿಗೆ, ಮಗನನ್ನು ಕೈಯಲ್ಲಿ ಮುಟ್ಟಿ ನೋಡಬೇಕಂತೆ.

ಗಾಡಿ ನಮ್ಮ ಬಾಗಿಲಿಗೆ ಬರುವಾಗ ನಾನು ಜಗಲಿಯ ಮೇಲೆ ನಿಂತಿರುತ್ತೇನೆ. ಬೀದಿಯವರೆಲ್ಲ ಇರುತ್ತಾರೆ, ನಿನ್ನ ಹೆಂಡತಿಯೂ ಇರುತ್ತಾಳೆ. ಹೇಸಾ ಅಂತ ಒಂದೇ ಸಲ ಕೂಗುತ್ತೇನೆ. ಎರಡನೆಯ ಸಲ ಕೂಗುವುದಿಲ್ಲ.

ಓ ಅನ್ನು.

ನಿನ್ನ ಅಕ್ಕ
ಹಾಲಮ್ಮ